ಕೋಳಿಯ ತಲೆ ಯಾರ ಕಡೆ

ನಮ್ಮ ಯುಯೆ-ಶಿಯಾ ಅಕ್ಕನಿಗೆ ಸಿಟ್ಟು ಬರಿಸಬೇಕೆಂದರೆ ತಲೆಯಿರುವ ಕೋಳಿ ತಂದಿಟ್ಟರೆ ಸಾಕು. ತೈಚುಂಗ್ ನಗರದ ಕಾರ್ಖಾನೆಗಳಿಗೆ ವರ್ಷದ ಕೊನೆಯ ಔತಣ ಏರ್ಪಡಿಸುವುದು ಅವಳ ಕಸುಬು. ವೇದಿಕೆ, ಹಾಡು, ಲಕ್ಕಿ ಡ್ರಾ, ಊಟ ಎಲ್ಲಾ ಅವಳದೇ ಜವಾಬ್ದಾರಿ. ಮೈಕು ಹಿಡಿದು ಒದರುವುದಷ್ಟೇ ನನ್ನ ಪಾಲು. ಅಡುಗೆಯವರಿಗೆ ಅವಳ ಮೊದಲ ಮಾತೇ, "ಕೋಳಿ ತಲೆ ತೆಗೆದು ಕಳ್ಸಿ."

ನಮ್ಮಲ್ಲಿ ಹಳೇ ರೂಢಿ, ಈ ಔತಣದಲ್ಲಿ ಕೋಳಿಯ ತಲೆ ಯಾರ ಕಡೆ ಮುಖ ಮಾಡುತ್ತದೋ ಅವರ ಕೆಲಸ ಹೋಯಿತೆಂದೇ ಲೆಕ್ಕ. ಈಗಿನವರು ನಗುತ್ತಾರೆ, ನಗಲಿ. ಅವಳ ಅಪ್ಪ, ಕೋಳಿ ತಮ್ಮತ್ತ ತಿರುಗಿದ ಅಂಥದೊಂದು ಔತಣದಿಂದ ಹಸಿದೇ ಮನೆಗೆ ಬಂದು, ಬೂಟನ್ನೂ ಬಿಚ್ಚದೆ ಕೂತಿದ್ದರಂತೆ.

ಕಳೆದ ವರ್ಷ ತಿರುಪು ತಯಾರಿಸುವ ಕಾರ್ಖಾನೆಯ ಔತಣ. ಆರ್ಡರ್ ಕಮ್ಮಿಯಾಗಿ ಯಾರನ್ನೋ ತೆಗೆಯುತ್ತಾರೆಂಬ ಗುಸುಗುಸು ಇತ್ತು. ಹಳೇ ಮೇಸ್ತ್ರಿ ಲಾಯ್ ಅವರಿಗೆ ವರ್ಷವಿಡೀ ಬೆನ್ನುನೋವು, ರಜೆಯ ಮೇಲೆ ರಜೆ. ಧಣಿ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡಾಗ ಇವರದೇ ಸರದಿ ಎಂದು ಎಲ್ಲರೂ ಅಂದುಕೊಂಡರು. ಹೊಸ ಹೋಟೆಲಿನ ಅಡುಗೆಯ ಮಹಾನುಭಾವ, ನೋಡಲು ಚಂದವೆಂದು ಕೋಳಿಯನ್ನು ತಲೆ ಸಮೇತ ಕಳಿಸಿಬಿಟ್ಟ. ಯಾರೋ ಸೊಪ್ಪಿನ ತಟ್ಟೆಗಾಗಿ ಮೇಜಿನ ನಡುವಿನ ತಿರುಗುವ ಗಾಜನ್ನು ತಿರುಗಿಸಿದರು. ಅದು ನಿಂತಾಗ ಕೊಕ್ಕು ನೇರ ಲಾಯ್ ಅವರ ಕಡೆಗಿತ್ತು.

ಮೇಸ್ತ್ರಿ ಊಟದ ಕಡ್ಡಿ ಕೆಳಗಿಟ್ಟರು. "ಅರ್ಥ ಆಯ್ತು ಬಿಡಿ, ಧಣಿ."



ಅಕ್ಕ ದಡದಡ ಬಂದು ಗಾಜು ತಿರುಗಿಸಿ ಕೊಕ್ಕನ್ನು ತನ್ನತ್ತ ಮಾಡಿಕೊಂಡಳು. "ಏ ಕೋಳಿ, ತಪ್ಪು ಮಾಡಿದ್ದು ನಾನು, ಅವರನ್ನ ಯಾಕೆ ಗುರಾಯಿಸ್ತೀಯಾ? ಧಣಿಗಳೇ, ಮುಂದಿನ ವರ್ಷ ನನಗೇ ರಜೆ ಕೊಡಿ!"

ನಮ್ಮ ಗಿರಾಕಿಗಳಲ್ಲೇ ದೊಡ್ಡವರು ಈ ಧಣಿ.

ಧಣಿ ಇಬ್ಬರನ್ನೂ ನೋಡಿದರು. "ನಿನ್ನ ಬಿಟ್ರೆ ನಮಗೆ ಊಟ ಹಾಕಿಸೋರ್ಯಾರು, ಬಾಯಿಬಡಕಿ?" ಎಂದು ಕೋಳಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಲಾಯ್ ಮೇಸ್ತ್ರಿ, ಹೊಸ ವರ್ಷದ ಹಬ್ಬ ಮುಗಿದ ಮೇಲೆ ನಿಮಗೆ ಕೂತು ಮಾಡೋ ಕೆಲಸ. ಹೊಸ ಹುಡುಗರಿಗೆ ಕಲಿಸಿ."

ಮೊದಲೇ ಅಂದುಕೊಂಡಿದ್ದರೋ, ಆ ಕ್ಷಣದಲ್ಲಿ ಹೊಳೆಯಿತೋ, ದೇವರೇ ಬಲ್ಲ. ನನಗಂತೂ ಅಳು ಬಂತು.

ಮೇಸ್ತ್ರಿ ಕೋಳಿಯ ತೊಡೆಯನ್ನು ಅಕ್ಕನ ಮುಂದೆ ಹಿಡಿದರು. ಅವಳು ಅದನ್ನು ಅವರ ಬಟ್ಟಲಿಗೇ ವಾಪಸು ಹಾಕಿದಳು.

"ನೀವು ತಿನ್ನಿ, ಮೇಸ್ತ್ರಿಗಳೇ. ಹೊಟ್ಟೆ ತುಂಬಾ ತಿಂದು ಮನೆಗೆ ಹೋಗಿ."