ಅಂಗಾರನ ಭುಜ

ಚೆನ್ನಯನ ವರ್ಷಾಂತಿಕಕ್ಕೆ ಗೋಡೆಗೆ ಹಾಕಲು ಒಂದು ಫೋಟೊ ಬೇಕಿತ್ತು. ಅವನ ಹೆಂಡತಿ ಪಂಕಜಾಳ ಹತ್ತಿರ ಇದ್ದದ್ದು ಒಂದೇ: ಅವನು ಕೆಲಸ ಮಾಡುತ್ತಿದ್ದ ಮುಂಬೈ ಫೋರ್ಟಿನ ಹೋಟೆಲಿನಲ್ಲಿ, ಆಯುಧಪೂಜೆಯ ದಿನ ಅಡುಗೆಯವರೆಲ್ಲ ಒಟ್ಟಿಗೆ ನಿಂತು ತೆಗೆಸಿಕೊಂಡದ್ದು. ಅದರಲ್ಲೂ ಅವನ ಎಡಗೆನ್ನೆ ಗೆಳೆಯ ಅಂಗಾರನ ಭುಜದ ಹಿಂದೆ ಮರೆಯಾಗಿತ್ತು. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಳ್ಳುವ ಮನುಷ್ಯ ಅವನು. ಆಧಾರ್ ಕಾರ್ಡಿನಲ್ಲಂತೂ ಪೊಲೀಸರು ಹಿಡಿದು ತಂದವನಂತೆ ಕಾಣುತ್ತಿದ್ದ.

ಆಂಟಾಪ್ ಹಿಲ್‌ನ ಸ್ಟುಡಿಯೊದವನು ಧೈರ್ಯ ಹೇಳಿದ. "ಮುಖ ಸರಿಮಾಡಿ, ಕೋಟು-ಟೈ ಇರುವ ಮೈಗೆ ಕೂರಿಸ್ತೇನೆ ಅಕ್ಕ. ಎಲ್ಲರಿಗೂ ಹಾಗೇ ಮಾಡೋದು."

"ಅವರು ಜನ್ಮದಲ್ಲಿ ಕೋಟು ಹಾಕಿದವರಲ್ಲ," ಎಂದಳು ಪಂಕಜಾ. "ಯಾರದೋ ಮೈಗೆ ನಾನ್ಯಾಕೆ ಕೈಮುಗೀಬೇಕು?"

ಮುಂದಿನ ವಾರವೇ ವಿಲೆ ಪಾರ್ಲೆಯ ಶಾಲೆಯೊಂದರಲ್ಲಿ ಭಾನುವಾರ ನಡೆಯುವ ಫೋಟೊಗ್ರಫಿ ತರಗತಿಗೆ ಸೇರಿದಳು. ಬೆಳಿಗ್ಗೆ ದೋಸೆಹಿಟ್ಟು ರುಬ್ಬಿ, ದೇವರಿಗೆ ದೀಪ ಹಚ್ಚಿ, ಲೋಕಲ್ ಹಿಡಿಯುವಳು. ಜೊತೆಗಿದ್ದವರೆಲ್ಲ ಕಾಲೇಜಿನ ಮಕ್ಕಳು. ಅವರು ಕ್ಯಾಮೆರಾ ಹಿಡಿದು ಅಂಗಳದಲ್ಲಿ ಓಡಾಡಿದರೆ ಇವಳು ಕಿಟಕಿಯ ಬೆಳಕಿನಲ್ಲಿ ತೆಂಗಿನಕಾಯಿಯೊಂದನ್ನು ಇಟ್ಟು ಚಿತ್ರ ತೆಗೆದಳು. ಕಂಪ್ಯೂಟರಿನಲ್ಲಿ ಅದರ ಅಂಚು ಬಿಡಿಸಿ ಹಿನ್ನೆಲೆ ತೆಗೆಯುವುದು ಅಭ್ಯಾಸ. ಮೊದಮೊದಲು ಮೌಸ್ ಕೈಗೇ ಸಿಗುತ್ತಿರಲಿಲ್ಲ. ತೆಂಗಿನಕಾಯಿಯ ಜುಟ್ಟು ಪ್ರತಿಸಲವೂ ಹಾರಿಹೋಗುತ್ತಿತ್ತು. ಜುಟ್ಟು ಉಳಿಯುವ ತನಕ ಅವಳು ಬೇರೆ ಚಿತ್ರ ಮುಟ್ಟಲಿಲ್ಲ.

ಆಮೇಲೆ ಚೆನ್ನಯನ ಫೋಟೊ ತೆರೆದು, ಗುಂಪಿನಿಂದ ಅವನೊಬ್ಬನನ್ನು ಬಿಡಿಸಿಕೊಂಡಳು. ಮಂಕಾದ ಬಣ್ಣ ತಿದ್ದಿದಳು, ಗೀರುಗಳನ್ನು ಅಳಿಸಿದಳು. ಬಿಸಿ ಎಣ್ಣೆ ಸಿಡಿದು ಬಲಗೆನ್ನೆಯ ಮೇಲಾಗಿದ್ದ ಕಲೆಯನ್ನು ಮಾತ್ರ ಹಾಗೇ ಬಿಟ್ಟಳು. ಉಳಿದದ್ದು ಭುಜದ ಹಿಂದಿನ ಅರ್ಧ.

ಪಾಠ ಹೇಳುವ ಸಾಧನಾ ಮುಂಬೈಯಲ್ಲೇ ಹುಟ್ಟಿದವಳು. "ಆಂಟಿ, ಸಿಂಪಲ್ ಇದೆ. ಈ ಸೈಡ್ ಕಾಪಿ ಮಾಡಿ ಉಲ್ಟಾ ಲಗಾಯಿಸಿ," ಎಂದು ತಾನೇ ಮಾಡಿ ತೋರಿಸಿದಳು.

ಮುಖ ತುಂಬಿತು. ಎರಡೂ ಕೆನ್ನೆಯ ಮೇಲೆ ಎಣ್ಣೆಯ ಕಲೆ.

"ಅರೆ, ಒಂದು ಅಳಿಸೋಣ."

"ಅಳಿಸಿದ್ರೂ ಇವರು ಅವರಲ್ಲ ಮಗ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳ್ತಿತ್ತು. ಅದನ್ನು ಎಲ್ಲಿಂದ ತರೋದು?"

ಸಾಧನಾ ತಾನು ಅಂಟಿಸಿದ ಅರ್ಧವನ್ನು ಅಳಿಸಿದಳು. "ಫಿರ್ ರೆಹನೆ ದೋ ಆಂಟಿ. ಭುಜ ಇರಲಿ."

ಭುಜ ಉಳಿಯಿತು. ಆದರೆ ಬದುಕಿರುವವರ ಫೋಟೊಗೆ ಹಾರ ಹಾಕುವ ಹಾಗಿಲ್ಲ. ಭುಜವಾದರೇನು, ಅದು ಅಂಗಾರನದೇ. ಪಂಕಜಾ ಫೋರ್ಟಿಗೇ ಹೋಗಿ ಕೇಳಿದಳು.

ಅಂಗಾರ ದೋಸೆ ಮಗುಚುತ್ತಲೇ ಹೇಳಿದ: "ಎಂಥದು ಪಂಕಜಕ್ಕ, ಒಂದು ಭುಜ ಹುಡುಕಿಕೊಂಡು ಯಮ ಬರ್ತಾನಾ? ಸಾಂಬಾರಿನ ಹಂಡೆ ಎತ್ತಲು ಒಂದು ಕಡೆ ಅವ, ಒಂದು ಕಡೆ ನಾನು ಕೈಕೊಟ್ಟದ್ದು. ಹಾಕಿ ನೀವು."

"ನೀವು ಹಾಕಿ ಅಂದ್ರೂ ನಾನು ಹಾಕುವುದಿಲ್ಲ," ಎಂದು ಅವಳು ಹೊರಟು ಬಂದಳು.

ವರ್ಷಾಂತಿಕದ ದಿನ ಬೆಳಿಗ್ಗೆ ಅವಳೇ ಕೂತು ಗಿಡ್ಡ ಹಾರವೊಂದನ್ನು ಕಟ್ಟಿದಳು. ಚೌಕಟ್ಟಿನ ಒಂದು ಮೂಲೆಯಿಂದ ಇಳಿಬಿಟ್ಟು, ಚೆನ್ನಯನ ಮುಖವನ್ನು ಬಳಸಿ, ಭುಜ ಶುರುವಾಗುವ ಅಂಚಿನಲ್ಲಿ ಹೂ ನಿಲ್ಲಿಸಿ ದಾರಕ್ಕೆ ಗಂಟು ಹಾಕಿದಳು.

ಊಟದ ಹೊತ್ತಿಗೆ ಬಂದ ಅಂಗಾರ ಫೋಟೊದ ಮುಂದೆ ನಿಂತು ಹಾರದ ಗಂಟನ್ನು ಮುಟ್ಟಿ ನೋಡಿದ. ಕಣ್ಣೊರೆಸಿಕೊಂಡು ಕೇಳಿದ: "ನನ್ನ ಪಾಲಿನ ಹೂ ಎಲ್ಲಿ?"

"ನಿಮಗೆ ಅವಸರ ಇಲ್ಲ," ಎಂದಳು ಪಂಕಜಾ. "ಎಲೆ ಹಾಕಿದ್ದೇನೆ, ಕೂತುಕೊಳ್ಳಿ."