ಟ್ಯಾಂಕರ್ ಬಂದು ಹೋದ ಮೇಲೆ ಗಣಿತ

ಬೆಳಗಿನ ಆರು ಗಂಟೆ. ರಾಮಮೂರ್ತಿ ನಗರದ ಹಿಂಬದಿಯ ತಗಡಿನ ಶೆಡ್‌ಗಳ ನಡುವೆ ಕೋಕಿಲಾ ಕೆಸರು ದಾಟುತ್ತಿದ್ದಾರೆ. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಹದಿನಾಲ್ಕು ಮಕ್ಕಳ ಹೆಸರು. ತಾಯಂದಿರು ಕೆಲಸಕ್ಕೆ ಹೊರಡುವ ಮುಂಚೆ ಸಿಗಬೇಕೆಂದರೆ ಈ ಹೊತ್ತಿಗೇ ಬರಬೇಕು. ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರು ಕನ್ನಡದ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಉಪಚಾರ ನಡೆಯುತ್ತದೆ ಅಂದುಕೊಳ್ಳಬೇಡಿ. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಕಳಿಸುತ್ತಾರೆ. ಹೀಗೆ ಆರು ವರ್ಷ.

ಏಳನೇ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಈ ಹದಿನಾಲ್ಕು ಮಂದಿ ಮೊದಲ ಪೀರಿಯಡ್ಡಿಗೆ ಇರುತ್ತಲೇ ಇರಲಿಲ್ಲ. ಮೊದಲ ಪೀರಿಯಡ್ ಗಣಿತ. ಶಾಲೆಯ ಅಭಿವೃದ್ಧಿ ಯೋಜನೆ ಎಂದು ವರ್ಷಕ್ಕೊಮ್ಮೆ ಮೇಲಕ್ಕೆ ಕಳಿಸುವ ಕಾಗದದಲ್ಲಿ ಇದಕ್ಕೆ ಕಾರಣ 'ಪೋಷಕರ ನಿರಾಸಕ್ತಿ'. ಪ್ರತಿ ವರ್ಷವೂ ಅದೇ. ತಾರೀಖು ತಿದ್ದಿ ಹಳೆಯದನ್ನೇ ಇಳಿಸುತ್ತಿದ್ದರು. ಎರಡು ವರ್ಷದ ಹಿಂದೆ ಬತ್ತಿಹೋದ ಶಾಲೆಯ ಕೊಳವೆಬಾವಿ ಆ ಕಾಗದದಲ್ಲಿ ಹೋದ ವರ್ಷವೂ ನೀರು ಕೊಡುತ್ತಿತ್ತು.

ಯಾರಾದರೂ ಒಬ್ಬರು ಶೆಡ್ಡಿಗೆ ಹೋಗಿ ಕೇಳಿದ್ದರೆ ಸಾಕಿತ್ತು. ಈ ಜುಲೈನ ಆ ಬೆಳಗ್ಗೆ ಕೋಕಿಲಾ ಹೋದರು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿರುವ ಪೀರಮ್ಮ, ಮಗಳು ಸೌಂದರ್ಯಾಳನ್ನು ತೋರಿಸಿ ಹೇಳಿದ್ದು ಇಷ್ಟು: "ನಾ ಏಳಕ್ಕ ಹೋಗ್ತೀನ್ರೀ ಮೇಡಂ. ಟ್ಯಾಂಕರ್ ಬರೂದು ಒಂಬತ್ತೂವರಿಗೆ. ಇಕಿ ಕೊಡ ಹಿಡೀಲಿಲ್ಲಂದ್ರ ನಾವು ಏನ್ ಕುಡೀಬೇಕು?" ಶಾಲೆಯ ಗಂಟೆ ಹೊಡೆಯುವುದೂ ಅದೇ ಹೊತ್ತಿಗೆ.

ಇದು ನಿರಾಸಕ್ತಿಯಂತೆ. ಬಾಯಿಗೆ ಬರುವ ಮಾತನ್ನು ಪತ್ರಿಕೆಯಲ್ಲಿ ಬರೆಯಲಾಗದು, ಬಿಡಿ.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಕೋಕಿಲಾ ಉಳಿದ ಏಳು ಶಿಕ್ಷಕರನ್ನೂ ಕೂರಿಸಿಕೊಂಡರು. ಚಿತ್ರಕಲೆ, ಆಟ ಮುಂದಕ್ಕೆ ಬರಲಿ, ಗಣಿತ ಮೂರನೇ ಪೀರಿಯಡ್ಡಿಗೆ ಹೋಗಲಿ ಎಂದರು. ಗಣಿತದ ರಂಜನಾ ಕಾಯಂ ಶಿಕ್ಷಕಿ. ಮೊದಲ ಪೀರಿಯಡ್ ಇಪ್ಪತ್ತು ವರ್ಷದಿಂದ ಅವರದೇ. "ಏನ್ರೀ ಕೋಕಿಲಾ, ಇನ್ಮೇಲೆ ಟ್ಯಾಂಕರ್ ಡ್ರೈವರೇ ನಮ್ಗೆ ಟೈಮ್‌ಟೇಬಲ್ ಹಾಕ್ಕೊಡ್ತಾನಾ?" ಎಂದು ನಕ್ಕರು. ಕೋಕಿಲಾ ಜಗಳಕ್ಕೆ ನಿಲ್ಲಲಿಲ್ಲ. ಹದಿನಾಲ್ಕು ಗಣಿತದ ನೋಟ್‌ಬುಕ್ ತಂದು ಮೇಜಿನ ಮೇಲೆ ಹರಡಿದರು. ಒಂದೆರಡು ಹಾಳೆ ಲೆಕ್ಕ, ಆಮೇಲೆ ಬರೀ ಖಾಲಿ. ರಂಜನಾ ಒಂದೊಂದನ್ನೇ ಕೊನೆಯವರೆಗೂ ತಿರುವಿ ನೋಡಿ, ಸೋಮವಾರದಿಂದಲೇ ಬದಲಾಯಿಸೋಣ ಎಂದರು.

ಎರಡು ತಿಂಗಳಾಗಿದೆ. ಹದಿನಾಲ್ಕರಲ್ಲಿ ಹನ್ನೊಂದು ಮಂದಿ ಈಗ ಭಿನ್ನರಾಶಿ ಮಾಡುತ್ತಾರೆ. ಈ ಸಲದ ಯೋಜನೆಯನ್ನು ಎಂಟೂ ಜನ ಕೂತು ಹೊಸದಾಗಿ ಬರೆದರು.

ಅದು ಶಿಕ್ಷಣ ಇಲಾಖೆಯಿಂದ ವಾಪಸ್ ಬಂದಿದೆ. ಮಕ್ಕಳು ತಡವಾಗಿ ಬರುವುದಕ್ಕೆ ನಮೂನೆಯಲ್ಲಿ ಐದು ಕಾರಣ ಅಚ್ಚು ಹಾಕಿದ್ದಾರೆ, ಒಂದಕ್ಕೆ ಗುರುತು ಮಾಡಬೇಕು. ಆ ಐದರಲ್ಲಿ ನೀರಿಲ್ಲ. ಆದ್ದರಿಂದ ಬರುವ ಸೋಮವಾರದಿಂದ ಹಳೆಯ ವೇಳಾಪಟ್ಟಿಯೇ ನಡೆಯಬೇಕೆಂದು ಆದೇಶ. ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಮುಖ ತೊಳೆದು ಬಂದವರಿಗೆ ಹನ್ನೆರಡರ ಹುಡುಗಿಯ ಸೊಂಟದ ಮೇಲಿನ ಕೊಡ ಎಲ್ಲಿ ಕಾಣಬೇಕು? ಯೋಜನೆಗಳ ಪರಿಶೀಲನೆಯ ಸಭೆಯಲ್ಲಿ ವಿವರಿಸಲು ಕೋಕಿಲಾ ಇಲಾಖೆಯ ಕಚೇರಿಯವರೆಗೂ ಹೋದರು. ಕಾಯಂ ಅಲ್ಲದವರು ಸಭೆಯಲ್ಲಿ ಕೂರುವಂತಿಲ್ಲ ಎಂದು ಹೊರಗೇ ನಿಲ್ಲಿಸಿದರು. ಬರೆದವರು ವರಾಂಡದಲ್ಲಿ, ಓದದವರು ಒಳಗೆ.

ಒಳಗೆ ಹೋದದ್ದು ರಂಜನಾ. "ನೋಟಿಸ್ ಕೊಡೋದಾದ್ರೆ ನನಗೇ ಕೊಡಿ. ಸೋಮವಾರ ಮೊದಲ ಪೀರಿಯಡ್‌ನಲ್ಲಿ ನಾನು ಗಣಿತ ಮಾಡಲ್ಲ," ಎಂದು ಹೇಳಿ ಎದ್ದು ಬಂದಿದ್ದಾರೆ.

ಯೋಜನೆಯ ಸಹಿ ಪುಟದಲ್ಲಿ ಅತಿಥಿ ಶಿಕ್ಷಕರಿಗೆ ಜಾಗವಿಲ್ಲ. ಅದರ ಬಗ್ಗೆ ಕೇಳಿದರೆ ಕೋಕಿಲಾ ಮಾತು ತೇಲಿಸುತ್ತಾರೆ. ಹಾಗಾದರೆ ನಿಮಗೆ ಏನು ಬೇಕು ಎಂದು ಕೇಳಿದೆ.

"ಜೂನಲ್ಲಿ ನನ್ನ ಕರೀತಾರೋ ಇಲ್ವೋ ಗೊತ್ತಿಲ್ಲ. ಬೇರೆಯವ್ರು ಬಂದ್ರೂ ಬರ್ಲಿ. ಗಣಿತ ಮಾತ್ರ ಮೂರನೇ ಪೀರಿಯಡ್‌ನಲ್ಲೇ ಇರ್ಲಿ."