ಅವಳು ಹಾಕಿದ ಒಂದು ಸುತ್ತು

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ಮಳೆಗೆ ನೆನೆದ ನೈಲಾನ್ ಹಗ್ಗದ ಸುರುಳಿಯೊಂದು ಬಿದ್ದಿತ್ತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಸೇನ್ ಸಾಗರದ ನೀರು, ನಮ್ಮ ಪುಟ್ಟ ಹಾಯಿದೋಣಿ, ಅದರ ಚುಕ್ಕಾಣಿ ಹಿಡಿದವಳು... ಎಲ್ಲ ನೆನಪಾಯಿತು.

ಉಪ್ಪಲ್‌ನಲ್ಲಿ ನಾನೂ ಅವಳೂ ಒಂದೇ ವಠಾರದವರು. ಅವಳಪ್ಪ ಯಾದಗಿರಿ ಕಡೆಯಿಂದ ಬಂದ ಸೆಂಟ್ರಿಂಗ್ ಮೇಸ್ತ್ರಿ. ಬಡಮಕ್ಕಳಿಗೆ ಪುಕ್ಕಟೆ ಹಾಯಿದೋಣಿ ಕಲಿಸುವ ಕ್ಲಬ್ಬಿಗೆ ಇಬ್ಬರೂ ಸೇರಿದೆವು. ಚುಕ್ಕಾಣಿ ಅವಳದು, ಮುಂದಿನ ಹಾಯಿಯ ಹಗ್ಗ ನನ್ನದು. ನೀರಿಗಿಳಿದರೆ ಅವಳು ರಾಕ್ಷಸಿ. ತಡಮಾಡಿದರೆ ಬೆನ್ನಿಗೇ ಒದೆಯುತ್ತಿದ್ದಳು. ಹಗ್ಗ ಅಂಗೈ ಸೀಳಿದರೂ "ಬಿಟ್ಟಿ ಅಂದ್ರ ನೋಡು!" ಎಂದು ಕಿರುಚುತ್ತಿದ್ದಳು. ನಾನು ಬೈದುಕೊಳ್ಳುತ್ತಲೇ ಹಿಡಿದಿರುತ್ತಿದ್ದೆ. ರೇಸುಗಳಲ್ಲಿ ಪದಕಗಳೂ ಬಂದವು. ಅವಳಪ್ಪ ಅವನ್ನು ಗೋಡೆಗೆ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದ. ಅಷ್ಟರಲ್ಲಿ ಊರ ಕಡೆಯಿಂದ ಅವಳಿಗೊಂದು ಸಂಬಂಧ ಬಂತು.

"ಈ ಸಲ ದೇಶದ ಟೀಮಿನಾಗ ಹೆಸರು ಬರಲಿಲ್ಲಂದ್ರ ಲಗ್ನ. ಮಾತು ಮುಗೀತು," ಎಂದುಬಿಟ್ಟ ಅವಳಪ್ಪ.

ಆಯ್ಕೆಯ ಕೊನೆಯ ರೇಸಿನ ದಿನ ಗಾಳಿಗೆ ಹುಚ್ಚು ಹಿಡಿದಿತ್ತು. ಅಲೆ ರಪರಪನೆ ಮುಖಕ್ಕೆ ಬಾರಿಸುತ್ತಿತ್ತು. ಆದರೂ ನಾವೇ ಮುಂದೆ. ತಿರುವಿನ ಗುರುತಿಗೆ ತೇಲಿಬಿಟ್ಟ ಕೊನೆಯ ಗಾಳಿಗುಂಡನ್ನು ಸುತ್ತಿ ಬರುವಾಗ ನಮ್ಮ ದೋಣಿ ಅದಕ್ಕೆ ತಗುಲಿತು. ಹಾಗೆ ತಗುಲಿಸಿದವರು ತಾವಾಗಿಯೇ ಒಂದು ಪೂರ್ತಿ ಸುತ್ತು ತಿರುಗಿ ದಂಡ ತೀರಿಸಬೇಕು. ಯಾರೂ ಸೀಟಿ ಊದುವುದಿಲ್ಲ.

"ಯಾರೂ ನೋಡಿಲ್ಲ, ನಡಿಯೇ!" ಎಂದು ಕೂಗಿದೆ.

"ನಾ ನೋಡೀನಲ್ಲ," ಎಂದವಳೇ ಚುಕ್ಕಾಣಿ ಎಳೆದಳು.

ಹಾಯಿಯ ಅಡ್ಡಕೋಲು ಬೀಸಿಬಂದು ನನ್ನ ಹುಬ್ಬು ಸೀಳಿತು. ರಕ್ತಕ್ಕೆ ಕಣ್ಣು ಕಟ್ಟಿತು. ಸುತ್ತು ಮುಗಿಯುವಷ್ಟರಲ್ಲಿ ಹಿಂದಿನ ದೋಣಿ ನಮ್ಮನ್ನು ದಾಟಿ ಹೋಗಿತ್ತು. ಟೀಮಿನಲ್ಲಿ ನಮ್ಮ ಹೆಸರು ಬರಲಿಲ್ಲ.

ದಂಡೆಯಲ್ಲಿ ಕಾದಿದ್ದ ಅವಳಪ್ಪ "ಕೈಗೆ ಬಂದಿದ್ದು ಬೇಕಂತ ಬಿಟ್ಟಿ!" ಎಂದು ಎಲ್ಲರೆದುರಿಗೇ ಅವಳ ಜಡೆ ಹಿಡಿದು ಕಾಂಕ್ರೀಟಿಗೆ ಕೆಡವಿದ. ಬೆಲ್ಟ್ ಬಿಚ್ಚಿ ಬಾರಿಸಿದ. ನಾನು ಅವನ ಕೈ ಕಚ್ಚಿದೆ, ಆದರೂ ನಿಲ್ಲಿಸಲಿಲ್ಲ. ಅವಳು ಅಳಲಿಲ್ಲ. ತುಟಿಯ ರಕ್ತ ಒರೆಸಿಕೊಂಡು, ಹಾಯಿ ಮಡಚಿಟ್ಟು, ಅವನ ಹಿಂದೆ ಹೋದಳು. ಮುಂದಿನ ಲಗ್ನದ ಹಂಗಾಮಿನಲ್ಲೇ ಅವಳ ಮದುವೆಯಾಯಿತು.

ಆ ಸುತ್ತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಗೆಂದು ಸುತ್ತು ಹಾಕದ ಅವಳನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ...

ಹೋದ ಬೇಸಿಗೆಯಲ್ಲಿ ಗಂಡನ ಊರಿಂದ ಸುದ್ದಿ ಬಂತು. ಹೊಲದ ಬಾವಿಗೆ ಕಾಲು ಜಾರಿ ಬಿದ್ದು ಮುಳುಗಿ ಸತ್ತಳಂತೆ. ಗಂಡ ಹಾಗೆ ಹೇಳಿದ, ಎಲ್ಲರೂ ಒಪ್ಪಿಕೊಂಡರು. ಮಗುಚಿದ ದೋಣಿಯ ಅಡಿಯಿಂದ ನನ್ನನ್ನು ಎಷ್ಟು ಸಲ ಎಳೆದು ತಂದವಳು ಅವಳು, ಬಾವಿಯಲ್ಲಿ ಮುಳುಗುತ್ತಾಳೆಯೇ! ಅವಳಪ್ಪನ ಮುಂದೆ ನಿಂತು ಇದನ್ನೇ ಹೇಳಿದೆ.

"ಸುಮ್ನಿರವಾ... ಹೋದಾಕಿ ಹೋದಳು," ಎಂದ.

ನಾನು ಸುಮ್ಮನಿರುವುದಿಲ್ಲ. ಅವಳನ್ನು ಕೊಂದರು.